ಬೈಕ್ ಎಂಜಿನ್‌ಗೆ ಆಯಿಲ್ ಅಡಿಟಿವ್: ಹಾಕಬೇಕೇ, ಹಾಕುವುದಾದರೆ ಹೇಗೆ?

ಗದಗಿನಲ್ಲಾಗಲಿ ಹುಬ್ಬಳ್ಳಿಯಲ್ಲಾಗಲಿ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋಗಿ ಒಂದು ಲೀಟರ್ ಬೈಕ್ ಆಯಿಲ್ ಕೇಳಿದರೆ, ಅದರ ಪಕ್ಕದಲ್ಲೇ ಒಂದು ಪುಟ್ಟ ಬಾಟಲಿಯೂ ಕೌಂಟರ್ ಮೇಲೆ ಬಂದು ಕೂರುವುದುಂಟು. ಇದನ್ನೂ ಹಾಕಿಸಿಬಿಡಿ, ಎಂಜಿನ್ ಬೆಣ್ಣೆಯಂತೆ ಓಡುತ್ತದೆ, ಮೈಲೇಜ್ ಏರುತ್ತದೆ, ಹೊಗೆ ನಿಲ್ಲುತ್ತದೆ ಎಂಬ ಮಾತೂ ಜೊತೆಗಿರುತ್ತದೆ. ಅದೇ ಆಯಿಲ್ ಅಡಿಟಿವ್, ಅಂದರೆ ಎಂಜಿನ್ ಆಯಿಲಿಗೆ ಮೇಲಿಂದ ಬೆರೆಸುವ ದ್ರವ. ಐದು ವರ್ಷದ ಹಿಂದೆ ಅಂಥದೊಂದು ಬಾಟಲಿ ಕೊಂಡು ನನ್ನ ಸ್ಪ್ಲೆಂಡರ್‌ಗೆ ಹಾಕಿದೆ. ಲೇಬಲ್ ಮೇಲೆ ಕಾರಿನ ಚಿತ್ರವಿತ್ತು. ಎಂಜಿನ್ ಯಾವುದಾದರೇನು ಎಂದುಕೊಂಡೆ. ಮೊದಲ ಎರಡು ದಿನ ಸದ್ದು ಕಡಿಮೆಯಾದಂತೆಯೇ ಅನಿಸಿತು. ನಾಲ್ಕನೆಯ ದಿನ ತಮ್ಮನನ್ನು ಹಿಂದೆ ಕೂರಿಸಿಕೊಂಡು ಡೋಣಿ ದಾಟಿ ಕಪ್ಪತಗುಡ್ಡದ ಏರು ಹತ್ತುವಾಗ, ಎರಡನೇ ಗೇರಿನಲ್ಲಿ ಎಕ್ಸಲರೇಟರ್ ತಿರುವಿದಷ್ಟೂ ಎಂಜಿನ್ ಕೂಗಿತು. ಗಾಡಿ ಮಾತ್ರ ಆಮೆಯಂತೆ ತೆವಳಿತು. ತಮ್ಮ ಇಳಿದು ನಡೆದ.

ಗದಗಿಗೆ ಮರಳಿ ಗ್ಯಾರೇಜಿನಲ್ಲಿ ಬಲಗಡೆಯ ಕವರ್ ಬಿಚ್ಚಿಸಿದಾಗ ಕ್ಲಚ್ ಪ್ಲೇಟುಗಳ ಮೇಲೆ ಸೀಸದಕಡ್ಡಿ ಉಜ್ಜಿದಂಥ ಬೂದುಬಣ್ಣದ ಹೊಳಪು ಕೂತಿತ್ತು. ಮಿಸ್ತ್ರಿ ಕಾಕಾ ಒಂದು ಪ್ಲೇಟನ್ನು ಹೆಬ್ಬೆರಳಿನಿಂದ ತಿಕ್ಕಿ ನನ್ನ ಮುಂದೆ ಹಿಡಿದರು. "ತಮ್ಮಾ, ಪ್ಲೇಟು ಸವೆದಿಲ್ಲ, ನೋಡು. ಹಿಡಿಯಬೇಕಾದದ್ದಕ್ಕೇ ನೀನು ಎಣ್ಣೆ ಹಚ್ಚಿದ್ದೀ" ಎಂದರು. ಹೊಸ ಪ್ಲೇಟು, ಹೊಸ ಗ್ಯಾಸ್ಕೆಟ್, ಎರಡು ಸಲ ಆಯಿಲ್ ಬದಲಾವಣೆ. ಖರ್ಚು ಬಾಟಲಿಯ ಬೆಲೆಯ ಹಲವು ಪಟ್ಟು. ಅಂದಿನಿಂದ ಈ ವಿಷಯವನ್ನು ಬೆನ್ನುಹತ್ತಿ ಓದಿದೆ, ಕಾಕಾ ಪಕ್ಕದಲ್ಲಿ ಕೂತು ಎಷ್ಟೋ ಎಂಜಿನ್‌ಗಳ ಒಳಗನ್ನು ನೋಡಿದೆ. ಕಲಿತದ್ದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ಮೊದಲು ಇದು ತಿಳಿದಿರಲಿ: ಒಂದೇ ಆಯಿಲ್, ಮೂರು ಕೆಲಸ

ಕಾರಿನಲ್ಲಿ ಎಂಜಿನ್ ಆಯಿಲ್ ಎಂಜಿನ್ನಿಗಷ್ಟೇ ಮೀಸಲು. ಗೇರ್‌ಬಾಕ್ಸಿಗೆ ಬೇರೆ ಎಣ್ಣೆ ಇರುತ್ತದೆ. ಸಾಮಾನ್ಯ ಗೇರಿನ ಕಾರಿನ ಕ್ಲಚ್ ಒಣ ಕ್ಲಚ್, ಅದಕ್ಕೆ ಎಣ್ಣೆಯ ಸೋಂಕೇ ಇಲ್ಲ. ನಮ್ಮ ಸ್ಪ್ಲೆಂಡರ್, ಪಲ್ಸರ್, ಶೈನ್, ಈಗಿನ ಬುಲೆಟ್‌ಗಳಲ್ಲಿ ಹಾಗಲ್ಲ. ಪಿಸ್ಟನ್ ತೊಯ್ಯಿಸುವ ಆಯಿಲೇ ಗೇರ್ ಹಲ್ಲುಗಳ ನಡುವೆ ಅರೆಯಲ್ಪಡುತ್ತದೆ, ಅದೇ ಆಯಿಲಿನಲ್ಲಿ ಕ್ಲಚ್ ಪ್ಲೇಟುಗಳೂ ಮುಳುಗಿರುತ್ತವೆ. ಪಿಸ್ಟನ್ನಿಗೆ ಜಾರಿಕೆ ಬೇಕು, ಕ್ಲಚ್ಚಿಗೆ ಹಿಡಿತ ಬೇಕು. ಈ ಎರಡನ್ನೂ ಒಂದೇ ದ್ರವದಲ್ಲಿ ತೂಗಿಸುವುದೇ ಬೈಕ್ ಆಯಿಲ್ ತಯಾರಿಕೆಯ ಕಷ್ಟದ ಭಾಗ.

ಅದಕ್ಕಾಗಿಯೇ ಜಪಾನಿನ ಜೆಎಎಸ್ಒ ಸಂಸ್ಥೆ 1998ರಲ್ಲಿ ನಾಲ್ಕು ಸ್ಟ್ರೋಕ್ ಬೈಕುಗಳ ಆಯಿಲಿಗೆ ಟಿ 903 ಎಂಬ ಮಾನದಂಡ ತಂದಿತು. ಡಬ್ಬಿಯ ಹಿಂಬದಿಯಲ್ಲಿ ಸಣ್ಣ ಚೌಕದೊಳಗೆ ಎಂಎ, ಎಂಎ2 ಅಥವಾ ಎಂಬಿ ಎಂಬ ಅಕ್ಷರಗಳು ಕಾಣುತ್ತವೆ. ಎಂಎ ಎಂದರೆ ಎಣ್ಣೆಯಲ್ಲಿ ಮುಳುಗಿದ ಕ್ಲಚ್ಚಿಗೆ ಸಾಕಾಗುವಷ್ಟು ಹಿಡಿತ ಉಳಿಸುವ ಆಯಿಲ್. ಎಂಎ2 ಅದರಲ್ಲೇ ಹಿಡಿತ ಹೆಚ್ಚಿನದು. ಎಂಬಿ ಕಡಿಮೆ ಘರ್ಷಣೆಯದು. ಆ್ಯಕ್ಟಿವಾದಂಥ ಸ್ಕೂಟರ್‌ಗಳ ಕ್ಲಚ್ ಒಣ ಜಾಗದಲ್ಲಿರುವುದರಿಂದ ಅವುಗಳಿಗೆ ಎಂಬಿ ಸರಿ. ಇದೇ ಕಾರಣಕ್ಕೆ ಸ್ಕೂಟರಿನಲ್ಲಿ ಅಡಿಟಿವ್‌ನಿಂದ ಕ್ಲಚ್ ಜಾರುವ ಭಯವಿಲ್ಲ. ಮುಂದೆ ಬರೆಯುವುದೆಲ್ಲ ಗೇರಿನ ಬೈಕುಗಳನ್ನು ಮನಸ್ಸಿನಲ್ಲಿಟ್ಟುಕೊಂಡು.

ಇನ್ನೊಂದು ಸಂಗತಿಯನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಡಬ್ಬಿಯಲ್ಲಿರುವ ಆಯಿಲಿನೊಳಗೆ ಅಡಿಟಿವ್ ಆಗಲೇ ಇದೆ. ಕೊಳೆ ತೊಳೆಯುವ ಡಿಟರ್ಜೆಂಟ್, ಮಸಿಯನ್ನು ತೇಲಿಸಿ ಹಿಡಿಯುವ ಡಿಸ್ಪರ್ಸೆಂಟ್, ನೊರೆ ತಡೆಯುವ ಅಂಶ, ಬಿಸಿಗೆ ತೆಳುವಾಗದಂತೆ ಕಾಯುವ ಪಾಲಿಮರ್, ಲೋಹಕ್ಕೆ ಲೋಹ ತಾಗಿದಾಗ ಸವೆತ ತಡೆಯುವ ಸತು-ರಂಜಕದ ಸಂಯುಕ್ತ, ಎಲ್ಲವೂ ಅಳೆದು ಬೆರೆಸಿದ್ದೇ. ಟಿ 903 ಮಾನದಂಡದಲ್ಲಿ ರಂಜಕ ಶೇಕಡಾ 0.08ಕ್ಕಿಂತ ಕಡಿಮೆ ಇರಬಾರದು, 0.12 ಮೀರಲೂಬಾರದು. ಕಡಿಮೆಯಾದರೆ ಗೇರು, ಕ್ಯಾಮ್ ಸವೆಯುತ್ತವೆ. ಹೆಚ್ಚಾದರೆ ಸೈಲೆನ್ಸರಿನೊಳಗೆ ಹೊಗೆಯ ವಿಷವನ್ನು ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗುತ್ತದೆ. ಹದವಾಗಿ ಉಪ್ಪು ಬಿದ್ದ ಸಾರಿಗೆ ಮತ್ತೊಂದು ಹಿಡಿ ಉಪ್ಪು ಸುರಿಯುವ ಮುನ್ನ ರುಚಿ ನೋಡುತ್ತೇವಲ್ಲ, ಅಷ್ಟು ಎಚ್ಚರ ಇಲ್ಲಿಯೂ ಬೇಕು.

ಹಂತ 1: ತೊಂದರೆ ಯಾವುದು, ಅದು ಆಯಿಲಿನದೇ?

ನಾನು ಕಂಡಂತೆ ಅಡಿಟಿವ್ ಕೊಳ್ಳುವವರಲ್ಲಿ ಹೆಚ್ಚಿನವರ ತೊಂದರೆಗೆ ಮದ್ದು ಬೇರೆ ಕಡೆ ಇರುತ್ತದೆ. ಮೈಲೇಜ್ ಇಳಿದಿದೆಯೇ? ಮೊದಲು ಟೈರಿನ ಗಾಳಿ, ಬಿಗಿಯಾಗಿ ಹಿಡಿದ ಬ್ರೇಕ್, ಒಣಗಿದ ಚೈನ್, ಏರ್ ಫಿಲ್ಟರ್ ನೋಡಿ. ಮುಂಡರಗಿ, ನವಲಗುಂದ ಕಡೆಯ ಎರೆಮಣ್ಣಿನ ದಾರಿಯಲ್ಲಿ ಬೇಸಿಗೆಯಲ್ಲಿ ದಿನವೂ ಓಡುವ ಬೈಕಿನ ಏರ್ ಫಿಲ್ಟರ್ ತೆಗೆದು ನೋಡಿದವರಿಗೆ ಗೊತ್ತು, ಅದರ ಮಡಿಕೆಗಳಲ್ಲಿ ಹಿಟ್ಟಿನಂಥ ಧೂಳು ತುಂಬಿರುತ್ತದೆ. ಎಣ್ಣೆ ಸವರಿದ ಪೇಪರ್ ಫಿಲ್ಟರ್ ಆಗಿದ್ದರೆ ಅದಕ್ಕೆ ಗಾಳಿ ಹೊಡೆಸಬೇಡಿ, ಬದಲಿಸಿ. ಫಿಲ್ಟರ್ ದಾಟಿದ ಧೂಳು ಪಿಸ್ಟನ್ ರಿಂಗುಗಳನ್ನು ಮರಳುಕಾಗದದಂತೆ ತಿನ್ನುತ್ತದೆ. ಆ ಸವೆತವನ್ನು ಯಾವ ಬಾಟಲಿಯೂ ತುಂಬಿಕೊಡುವುದಿಲ್ಲ.

ನೀಲಿ ಹೊಗೆ ಬರುತ್ತಿದೆಯೇ? ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ಬಂದು ನಿಲ್ಲುವುದಾದರೆ ವಾಲ್ವ್ ಸೀಲ್ ಮೇಲೆ ಸಂಶಯವಿಡಿ. ಭಾರ ಹೊತ್ತು ಎಳೆಯುವಾಗ ಹೆಚ್ಚಾದರೆ ರಿಂಗ್, ಬೋರ್ ಸವೆದಿರಬಹುದು. ಹೊಗೆ ನಿಲ್ಲಿಸುವ ಅಡಿಟಿವ್ ಆಯಿಲನ್ನು ದಪ್ಪ ಮಾಡಿ ಹೊಗೆಯನ್ನು ಕೆಲವು ದಿನ ಮರೆಮಾಡುತ್ತದೆ, ಅಷ್ಟೇ. ಬೈಕ್ ಮಾರುವ ಮುನ್ನ ಹೀಗೆ ಮಾಡಿಸುವವರೂ ಇದ್ದಾರೆ. ಹಳೆಯ ಬೈಕ್ ಕೊಳ್ಳುವವರು ಗೇಜ್ (ಆಯಿಲ್ ಮಟ್ಟ ನೋಡುವ ಕಡ್ಡಿ) ತೆಗೆದು ಎರಡು ಬೆರಳ ನಡುವೆ ಆಯಿಲ್ ಎಳೆದು ನೋಡಿ. ಜೇನಿನಂತೆ ನೂಲು ಎಳೆದರೆ ಆ ವ್ಯವಹಾರ ಬಿಟ್ಟುಬಿಡಿ.

ಮೇಲ್ಭಾಗದಲ್ಲಿ ಟಿಕ್ ಟಿಕ್ ಸದ್ದಿದ್ದರೆ ಎಂಜಿನ್ ಪೂರ್ತಿ ತಣ್ಣಗಿರುವಾಗ ಟ್ಯಾಪೆಟ್ ಅಳತೆ (ವಾಲ್ವ್ ಬಳಿ ಇರಬೇಕಾದ ಸಣ್ಣ ಸಂದು) ಹಾಕಿಸಿ. ಗೇರ್ ಬಿಗಿಯಾಗಿ ಬೀಳುತ್ತಿದ್ದರೆ ಕ್ಲಚ್ ಕೇಬಲ್ ನೋಡಿ. ಹೆಚ್ಚಿನ ಸಣ್ಣ ಬೈಕುಗಳಲ್ಲಿ ಕ್ಲಚ್ ಲಿವರಿನ ತುದಿಯಲ್ಲಿ 10ರಿಂದ 20 ಮಿ.ಮೀ. ಸಡಿಲ ಇರಬೇಕು. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ದಿನಕ್ಕೆ ಎರಡು ಮೂರು ಕಿಲೋಮೀಟರ್ ಮಾತ್ರ ಓಡಿಸುವವರ ಆಯಿಲ್ ಮುಚ್ಚಳದ ಕೆಳಗೆ ಹಾಲಿನ ಕೆನೆಯಂಥದ್ದು ಕಟ್ಟುತ್ತದೆ. ಎಂಜಿನ್ ಪೂರ್ತಿ ಬಿಸಿಯಾಗದೆ ಒಳಗಿನ ತೇವ ಹೊರಹೋಗಿಲ್ಲ ಎಂದು ಅದರ ಅರ್ಥ. ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸಿದರೆ ಅದು ಕರಗುತ್ತದೆ.

ವಾರಂಟಿಯಲ್ಲಿರುವ ಬೈಕಿಗೆ ಏನನ್ನೂ ಹಾಕಬೇಡಿ.

ಹಂತ 2: ಬಾಟಲಿಯಲ್ಲಿ ಏನಿದೆ ಎಂದು ಓದಿ

ಹೆಸರು ನೂರಿದ್ದರೂ ಒಳಗಿರುವ ಬಗೆಗಳು ಕೆಲವೇ.

ಘರ್ಷಣೆ ಕಡಿಮೆ ಮಾಡುವವು: ಮಾಲಿಬ್ಡಿನಮ್ ಡೈಸಲ್ಫೈಡ್, ಗ್ರಾಫೈಟ್, ಟೆಫ್ಲಾನ್ ಎಂದು ಹೆಸರಾದ ಪಿಟಿಎಫ್ಇ ಇತ್ಯಾದಿ. ನನ್ನ ಕ್ಲಚ್ ಕೆಡಿಸಿದ್ದು ಇವುಗಳಲ್ಲಿ ಮೊದಲನೆಯದು. ಗೇರಿನ ಬೈಕಿಗೆ ಅತ್ಯಂತ ಅಪಾಯದ ಗುಂಪು ಇದು. ಇದರೊಂದಿಗೆ ಇನ್ನೊಂದು ತೊಡಕೂ ಇದೆ. ಸ್ಪ್ಲೆಂಡರ್ ಜಾತಿಯ ಹಳೆಯ 97.2 ಸಿಸಿ ಎಂಜಿನ್ನಿನಲ್ಲಿ ಕಾಗದದ ಆಯಿಲ್ ಫಿಲ್ಟರ್ ಇಲ್ಲ. ಕ್ರ್ಯಾಂಕ್ (ಪಿಸ್ಟನ್ ತಿರುಗಿಸುವ ದಂಡ) ಜೊತೆ ಗಿರ್ರನೆ ತಿರುಗುವ ಒಂದು ಬಟ್ಟಲು ಆಯಿಲಿನಲ್ಲಿರುವ ಭಾರದ ಕಣಗಳನ್ನು ಅಂಚಿಗೆ ಎಸೆದು ಅಂಟಿಸಿಕೊಳ್ಳುತ್ತದೆ, ಮೊಸರು ಕಡೆದಾಗ ಬೆಣ್ಣೆ ಬೇರೆಯಾಗುವಂತೆ. ಮಾಲಿಬ್ಡಿನಮ್ ಡೈಸಲ್ಫೈಡ್ ನೀರಿಗಿಂತ ಸುಮಾರು ಐದು ಪಟ್ಟು ಭಾರದ ಪುಡಿ. ಕಾಕಾ ಬಿಚ್ಚಿದ ನನ್ನ ಎಂಜಿನ್ನಿನಲ್ಲಿ ಆ ಬಟ್ಟಲಿನ ಒಳಗೋಡೆಗೆ ಬೂದು ಕೆಸರು ಮೆತ್ತಿತ್ತು, ಚಾಕುವಿನ ಮೊನೆಯಿಂದ ಕೆರೆದು ತೆಗೆದರು. ಕಾಸು ಕೊಟ್ಟು ಹಾಕಿದ್ದರಲ್ಲಿ ಒಂದು ಪಾಲು ಕ್ಲಚ್ಚಿಗೆ ಅಂಟಿತ್ತು, ಒಂದು ಪಾಲು ಅಲ್ಲಿ ಕೂತಿತ್ತು.

ಪಿಟಿಎಫ್ಇ ವಿಷಯದಲ್ಲಿ ಒಂದು ದಾಖಲೆಯ ಸಂಗತಿ: ಸ್ಲಿಕ್ 50 ಎಂಬ ಪ್ರಸಿದ್ಧ ಅಡಿಟಿವ್‌ನ ಜಾಹೀರಾತು ಹೇಳಿಕೆಗಳಿಗೆ ಆಧಾರವಿಲ್ಲವೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1996ರಲ್ಲಿ ಆರೋಪ ಹೊರಿಸಿತು. ಪುರಾವೆಯಿಲ್ಲದೆ ಅಂಥ ಮಾತು ಹೇಳುವುದಿಲ್ಲವೆಂದು ತಯಾರಕರು 1997ರಲ್ಲಿ ಒಪ್ಪಿಕೊಂಡರು.

ದಪ್ಪ ಮಾಡುವವು: ಪಾಲಿಮರ್ ತುಂಬಿದ, ಅಂಟಂಟಾದ ದ್ರವ. 10ಡಬ್ಲ್ಯೂ-30 ಎಂಬ ತೆಳು ದರ್ಜೆಯ ಆಯಿಲ್ ಬೇಡುವ ಎಂಜಿನ್ನಿಗೆ ಇದನ್ನು ಸುರಿದರೆ ಬೆಳಗಿನ ತಂಪಿನಲ್ಲಿ ಆಯಿಲ್ ಮೇಲಕ್ಕೇರಲು ತಡಮಾಡುತ್ತದೆ. ಎಂಜಿನ್ ಹೆಚ್ಚು ಸವೆಯುವುದೇ ಆ ಮೊದಲ ಕ್ಷಣಗಳಲ್ಲಿ. ಮೇಲಾಗಿ ಬೈಕಿನ ಗೇರ್ ಹಲ್ಲುಗಳು ಪಾಲಿಮರ್ ಸರಪಳಿಗಳನ್ನು ಕತ್ತರಿಸಿಹಾಕುತ್ತವೆ, ಬಂದ ದಪ್ಪವೂ ಬಹಳ ದಿನ ಉಳಿಯುವುದಿಲ್ಲ.

ಫ್ಲಶ್: ಹಳೆ ಆಯಿಲಿಗೆ ಬೆರೆಸಿ, ಸ್ವಲ್ಪ ಹೊತ್ತು ಎಂಜಿನ್ ನಿಂತಲ್ಲೇ ಓಡಿಸಿ, ಹೊರಬಿಡುವಂಥದ್ದು. ಎಣ್ಣೆಯಲ್ಲಿ ಮುಳುಗಿದ ಕ್ಲಚ್ಚಿಗೆ ಹೊಂದುತ್ತದೆ ಎಂದು ಸ್ಪಷ್ಟವಾಗಿ ಬರೆದಿದ್ದರೆ, ವರ್ಷಗಟ್ಟಲೆ ಆಯಿಲ್ ಬದಲಿಸದ ಎಂಜಿನ್ನಿಗೆ ಒಮ್ಮೆ ಬಳಸಬಹುದು. ಡೀಸೆಲ್, ಸೀಮೆಎಣ್ಣೆ ಹಾಕಿ ಎಂಜಿನ್ ಓಡಿಸುವ ಪದ್ಧತಿ ನಮ್ಮ ಕಡೆ ಇನ್ನೂ ಉಳಿದಿದೆ. ಅದನ್ನು ಮಾಡಿಸಬೇಡಿ, ಅವುಗಳ ತೆಳು ಪದರ ಬೇರಿಂಗನ್ನು ಕಾಯಲಾರದು, ಉಳಿದ ಪಾಲು ಹೊಸ ಆಯಿಲನ್ನೂ ತೆಳು ಮಾಡುತ್ತದೆ.

ಸೀಲ್ ಉಬ್ಬಿಸಿ ಸೋರಿಕೆ ನಿಲ್ಲಿಸುವವು: ಗಟ್ಟಿಯಾದ ರಬ್ಬರನ್ನು ಕೆಲಕಾಲ ಮೆದು ಮಾಡುತ್ತವೆ. ಹೊಸ ಸೀಲ್ ಹಾಕಿಸುವುದೇ ಸರಿಯಾದ ದಾರಿ.

ಜಾತ್ರೆಗಳಲ್ಲಿ ಒಂದು ಯಂತ್ರ ನೋಡಿರುತ್ತೀರಿ. ತಿರುಗುವ ಉಕ್ಕಿನ ಬಳೆಗೆ ಬೇರಿಂಗ್ ತುಂಡೊಂದನ್ನು ಒತ್ತುತ್ತಾರೆ. ಬರಿಯ ಆಯಿಲಿನಲ್ಲಿ ಕಿರ್ರೆಂದು ನಿಲ್ಲುತ್ತದೆ, ನಾಲ್ಕು ಹನಿ ಅಡಿಟಿವ್ ಬಿಟ್ಟರೆ ಎಷ್ಟು ಒತ್ತಿದರೂ ತಿರುಗುತ್ತದೆ. ಜನ ಬೆರಗಾಗಿ ಕೊಳ್ಳುತ್ತಾರೆ. ಚೂಪು ಒತ್ತಡದಲ್ಲಿ ಲೋಹ ಉಜ್ಜುವ ಆ ಸ್ಥಿತಿಯೇ ಬೇರೆ. ಎಂಜಿನ್ ಬೇರಿಂಗಿನಲ್ಲಿ ಪಂಪು ತಳ್ಳಿದ ಆಯಿಲಿನ ಪದರ ಲೋಹಗಳನ್ನು ಬಿಡಿಸಿ ಹಿಡಿದಿರುತ್ತದೆ. ಆ ಆಟದಲ್ಲಿ ಗೆಲ್ಲುವ ಕ್ಲೋರಿನ್ ಸಂಯುಕ್ತಗಳು ಎಂಜಿನ್ನಿನ ಶಾಖ, ತೇವ ಸೇರಿದರೆ ಲೋಹವನ್ನು ಕೊರೆಯಬಲ್ಲವು.

ಕೊಳ್ಳುವುದೇ ಆದರೆ ನೋಡಬೇಕಾದದ್ದು ಇಷ್ಟು: ಬೈಕಿಗೆಂದೇ ತಯಾರಾಗಿರಬೇಕು, ಎಣ್ಣೆಯಲ್ಲಿ ಮುಳುಗಿದ ಕ್ಲಚ್ಚಿಗೆ ಹೊಂದುತ್ತದೆ ಎಂದು ಬರೆದಿರಬೇಕು, ಎಷ್ಟು ಆಯಿಲಿಗೆ ಎಷ್ಟು ಎಂಬ ಪ್ರಮಾಣ ಇರಬೇಕು, ತಯಾರಕರ ವಿಳಾಸ, ತಯಾರಾದ ದಿನಾಂಕ ಇರಬೇಕು. ಒಂದು ಇಲ್ಲದಿದ್ದರೂ ಬಾಟಲಿಯನ್ನು ಕೌಂಟರ್ ಮೇಲೆಯೇ ಬಿಟ್ಟುಬನ್ನಿ.

ಹಂತ 3: ಹಾಕುವ ಮುನ್ನ ಲೆಕ್ಕ ಬರೆದಿಡಿ

ಅಡಿಟಿವ್ ಹಾಕಿದ ಮೇಲೆ ಸದ್ದು ಕಡಿಮೆಯಾಯಿತು ಎನ್ನುವವರಲ್ಲಿ ಬಹುತೇಕರು ಅದೇ ದಿನ ಹೊಸ ಆಯಿಲನ್ನೂ ಹಾಕಿಸಿರುತ್ತಾರೆ. ಯಾವುದರಿಂದ ಏನಾಯಿತೆಂದು ತಿಳಿಯಬೇಕಾದರೆ, ಮೊದಲು ಬರಿಯ ಹೊಸ ಆಯಿಲಿನಲ್ಲಿ ಸಾವಿರ ಕಿಲೋಮೀಟರ್ ಓಡಿಸಿ. ಟ್ಯಾಂಕ್ ಕತ್ತಿನವರೆಗೆ ತುಂಬಿಸಿ, ಮತ್ತೆ ಅದೇ ಬಂಕಿನಲ್ಲಿ ಅದೇ ಗುರುತಿಗೆ ತುಂಬಿಸಿ ಮೈಲೇಜ್ ತೆಗೆಯಿರಿ. ಮೂರು ಸಲದ ಸರಾಸರಿ ಹಿಡಿಯಿರಿ. ಗದಗ-ಹುಬ್ಬಳ್ಳಿ ಹೆದ್ದಾರಿಯಲ್ಲಿ ಹೋಗುವಾಗ ಎದುರುಗಾಳಿ, ಬರುವಾಗ ಹಿಂಗಾಳಿ ಇದ್ದರೂ ಲೆಕ್ಕ ಏರುಪೇರಾಗುತ್ತದೆ, ಆದ್ದರಿಂದ ಹೋಗಿಬರುವ ಎರಡೂ ದಾರಿ ಸೇರಿರಲಿ. ಗೇಜಿನಲ್ಲಿ ಆಯಿಲ್ ಎಷ್ಟು ಇಳಿಯಿತು ಎಂಬುದನ್ನೂ ಬರೆಯಿರಿ.

ಕ್ಲಚ್ ಪರೀಕ್ಷೆಯನ್ನೂ ಈಗಲೇ ಮಾಡಿ. ಖಾಲಿ ರಸ್ತೆಯಲ್ಲಿ ಟಾಪ್ ಗೇರಿನಲ್ಲಿ ಗಂಟೆಗೆ 40 ಕಿ.ಮೀ. ವೇಗದಲ್ಲಿದ್ದು ಎಕ್ಸಲರೇಟರನ್ನು ಪೂರ್ತಿ ತಿರುವಿ. ಎಂಜಿನ್ ಸದ್ದು ಮತ್ತು ವೇಗ ಒಟ್ಟಿಗೆ ಏರಬೇಕು. ಸದ್ದು ಮುಂದೆ ಓಡಿ ವೇಗ ಹಿಂದುಳಿದರೆ ಕ್ಲಚ್ ಆಗಲೇ ಜಾರುತ್ತಿದೆ. ಅಡಿಟಿವ್ ಮಾತೇ ಬೇಡ.

ಹಂತ 4: ಹಳೆ ಆಯಿಲ್ ಇಳಿಸುವುದು

ಹಳೆ ಆಯಿಲಿನ ಮೇಲೆ ಅಡಿಟಿವ್ ಸುರಿಯಬೇಡಿ. ಐದಾರು ಕಿಲೋಮೀಟರ್ ಓಡಿಸಿ ಬನ್ನಿ, ಬೆಚ್ಚಗಾದ ಆಯಿಲ್ ಕೊಳೆಯನ್ನೂ ಹೊತ್ತು ಇಳಿಯುತ್ತದೆ. ಐದು ನಿಮಿಷ ಬಿಟ್ಟು, ಸಮತಟ್ಟಾದ ಜಾಗದಲ್ಲಿ ನಡುಸ್ಟ್ಯಾಂಡ್ ಹಾಕಿ, ಕೆಳಗೆ ಅಗಲ ಬೋಗುಣಿ ಇಟ್ಟು, ಸರಿಯಾಗಿ ಕೂರುವ ರಿಂಗ್ ಪಾನಾದಿಂದ ಡ್ರೇನ್ ಬೋಲ್ಟ್ ಬಿಚ್ಚಿ. ಕೊನೆಯ ಸುತ್ತನ್ನು ಕೈಯಲ್ಲಿ ಬಿಚ್ಚುವಾಗ ಬೋಲ್ಟನ್ನು ಒಳಕ್ಕೆ ಒತ್ತಿ ಹಿಡಿದು ಪಕ್ಕಕ್ಕೆ ಎಳೆದರೆ ಬಿಸಿ ಎಣ್ಣೆ ಮುಂಗೈಗೆ ಹರಿಯುವುದಿಲ್ಲ.

ಇಳಿಯುವ ಧಾರೆಯನ್ನು ನೋಡಿ. ಕಪ್ಪಗಿರುವುದು ತಪ್ಪಲ್ಲ, ಡಿಟರ್ಜೆಂಟ್ ತನ್ನ ಕೆಲಸ ಮಾಡಿದೆ ಎಂದರ್ಥ. ಪೆಟ್ರೋಲ್ ವಾಸನೆ, ಹಾಲಿನಂಥ ಬಣ್ಣ, ಬಿಸಿಲಿಗೆ ಹಿಡಿದಾಗ ಬಂಗಾರದ ಪುಡಿಯಂತೆ ಮಿನುಗುವ ಲೋಹ, ಈ ಮೂರರಲ್ಲಿ ಯಾವುದಾದರೂ ಕಂಡರೆ ನೇರ ಮೆಕ್ಯಾನಿಕ್ ಬಳಿಗೆ ಹೋಗಿ. ಒಂದು ಹನಿಯನ್ನು ಬಿಳಿ ಟಿಶ್ಯೂ ಕಾಗದದ ಮೇಲೆ ಬಿಟ್ಟು ಒಂದು ಗಂಟೆ ಕಾಯಿರಿ. ಕಪ್ಪು ಮೆಲ್ಲಗೆ ತಿಳಿಯಾಗುತ್ತ ಹೊರಕ್ಕೆ ಹರಡಿದ್ದರೆ ಆಯಿಲಿನಲ್ಲಿ ಇನ್ನೂ ಶಕ್ತಿ ಉಳಿದಿತ್ತು. ನಡುವೆ ಗಟ್ಟಿ ಕಪ್ಪು ಚುಕ್ಕೆ, ಸುತ್ತ ತಿಳಿ ಎಣ್ಣೆಯ ಬಳೆ ಮಾತ್ರ ಇದ್ದರೆ ಅವಧಿ ಮೀರಿ ಓಡಿಸಿದ್ದೀರಿ. ನಿಮಗೆ ಬೇಕಾದದ್ದು ಬೇಗ ಬೇಗ ಆಯಿಲ್ ಬದಲಾವಣೆ.

ಜಾಲರಿ ಅಥವಾ ಫಿಲ್ಟರ್ ಇದ್ದರೆ ಶುಚಿ ಮಾಡಿ ಅಥವಾ ಬದಲಿಸಿ. ಬೋಲ್ಟಿನ ವಾಷರ್ ಚಪ್ಪಟೆಯಾಗಿದ್ದರೆ ಹೊಸದು ಹಾಕಿ. ಎಂಜಿನ್ ಮೈ ಅಲ್ಯೂಮಿನಿಯಮ್, ಬೋಲ್ಟ್ ಉಕ್ಕು; ಉದ್ದ ಹಿಡಿಕೆ ಹಾಕಿ ಬಿಗಿದರೆ ಮರೆ (ತಿರುಪಿನ ಸುರುಳಿ) ಕಿತ್ತು ಬರುತ್ತದೆ. ಕೈಯಲ್ಲಿ ತಿರುವಿ, ಕೊನೆಗೆ ಪಾನಾದಿಂದ ಬಿಗುವು ಹತ್ತಿದ ಕೂಡಲೇ ನಿಲ್ಲಿಸಿ.

ಹಂತ 5: ಅಳತೆ

ಹೆಚ್ಚು ಜನ ತಪ್ಪುವುದು ಇಲ್ಲಿ. ಕಾರಿನ 300 ಮಿ.ಲೀ. ಬಾಟಲಿ ನಾಲ್ಕೈದು ಲೀಟರ್ ಆಯಿಲಿಗೆಂದು ಇರುತ್ತದೆ. ಅದನ್ನೇ 900 ಮಿ.ಲೀ. ಹಿಡಿಯುವ ಬೈಕಿಗೆ ಸುರಿದರೆ ಎಂಜಿನ್ನಿನಲ್ಲಿ ಮೂರನೇ ಒಂದು ಭಾಗ ಅಡಿಟಿವ್ವೇ ಆಗುತ್ತದೆ.

ನಿಮ್ಮ ಬೈಕಿನ ಕೈಪಿಡಿಯಲ್ಲಿ ಆಯಿಲ್ ಬದಲಾವಣೆಯ ಪ್ರಮಾಣ ನೋಡಿ. ಎಂಜಿನ್ ಪೂರ್ತಿ ಬಿಚ್ಚಿದಾಗಿನ ಪ್ರಮಾಣ ಬೇರೆ ಬರೆದಿರುತ್ತದೆ, ಅದು ಹೆಚ್ಚು, ಗೊಂದಲ ಬೇಡ. 900 ಮಿ.ಲೀ. ಎಂದಿದ್ದು, ಅಡಿಟಿವ್ ಶೇಕಡಾ 5 ಎಂದಿದ್ದರೆ, 45 ಮಿ.ಲೀ. ಅಡಿಟಿವ್, 855 ಮಿ.ಲೀ. ಆಯಿಲ್. ಆಯಿಲನ್ನು ಅಷ್ಟು ಕಡಿಮೆ ಮಾಡಿ ಜಾಗ ಕೊಡಬೇಕು. ಔಷಧಿ ಅಂಗಡಿಯಲ್ಲಿ ಸಿಗುವ 50 ಮಿ.ಲೀ. ಸಿರಿಂಜು ಇದಕ್ಕೆ ಹೇಳಿಮಾಡಿಸಿದಂತಿದೆ. ಮೊದಲ ಸಲ ಹೇಳಿದ ಪ್ರಮಾಣದ ಅರ್ಧವನ್ನೇ ಹಾಕಿ ಎಂಬುದು ನನ್ನ ಸಲಹೆ. ಹಾಕಿದ್ದನ್ನು ಹೆಚ್ಚಿಸುವುದು ಸುಲಭ, ತೆಗೆಯುವುದು ಸುಲಭವಲ್ಲ.

ಬಾಟಲಿಯನ್ನು ಒಂದು ನಿಮಿಷ ಚೆನ್ನಾಗಿ ಅಲ್ಲಾಡಿಸಿ, ಬೇರೆ ಶುಚಿಯಾದ ಡಬ್ಬಿಯಲ್ಲಿ ಆಯಿಲಿನೊಂದಿಗೆ ಬೆರೆಸಿ, ಆಮೇಲೆ ಎಂಜಿನ್ನಿಗೆ ಸುರಿಯಿರಿ. ಮೂರು ನಿಮಿಷ ಐಡಲ್‌ನಲ್ಲಿ ಓಡಿಸಿ, ನಿಲ್ಲಿಸಿ, ಇನ್ನೆರಡು ಮೂರು ನಿಮಿಷ ಕಾದು ಮಟ್ಟ ನೋಡಿ. ಸ್ಪ್ಲೆಂಡರಿನಲ್ಲಿ ಗೇಜನ್ನು ಒರೆಸಿ, ಮರೆ ತಿರುವದೆ ಸುಮ್ಮನೆ ಕೂರಿಸಿ ನೋಡಬೇಕು. ಗಾಜಿನ ಕಿಂಡಿ ಇರುವ ಬೈಕಿನಲ್ಲಿ ಗಾಡಿ ನೇರವಾಗಿ ನಿಂತಿರಬೇಕು. ಮೇಲಿನ ಗುರುತು ದಾಟಿದ್ದರೆ ಇಳಿಸಿ. ಹೆಚ್ಚಾದ ಆಯಿಲನ್ನು ಕ್ರ್ಯಾಂಕ್ ಕಡೆದು ನೊರೆ ಮಾಡುತ್ತದೆ, ಅದು ಎಂಜಿನ್ನಿನ ಒಳಗಾಳಿ ಹೊರಬಿಡುವ ಬ್ರೀದರ್ ಕೊಳವೆಯಿಂದ ಏರ್ ಫಿಲ್ಟರಿಗೂ ಹೋಗಿ ಸೇರುತ್ತದೆ.

ಹಂತ 6: ಓಡಿಸಿ ನೋಡುವುದು

ಮೊದಲ ದಿನ ಒಬ್ಬರೇ, ಭಾರವಿಲ್ಲದೆ, ಮನೆಯಿಂದ ಹತ್ತು ಹದಿನೈದು ಕಿಲೋಮೀಟರಿನೊಳಗೆ ಓಡಿಸಿ. ಹುಬ್ಬಳ್ಳಿಯ ಚೆನ್ನಮ್ಮ ವೃತ್ತದ ದಟ್ಟಣೆಯಲ್ಲಿ ಕ್ಲಚ್ ಅರ್ಧ ಹಿಡಿದು ತೆವಳುವ ದಾರಿ ಈ ದಿನಕ್ಕೆ ಬೇಡ. ಎಂಜಿನ್ ಚೆನ್ನಾಗಿ ಕಾದ ಮೇಲೆ ಟಾಪ್ ಗೇರಿನ ಕ್ಲಚ್ ಪರೀಕ್ಷೆ ಮತ್ತೆ ಮಾಡಿ. ತಣ್ಣಗಿದ್ದಾಗ ಹಿಡಿದ ಕ್ಲಚ್ ಬಿಸಿಯಾದಾಗ ಜಾರುವುದುಂಟು. 100 ಕಿ.ಮೀ. ಆದಾಗ ಒಮ್ಮೆ, 500 ಆದಾಗ ಇನ್ನೊಮ್ಮೆ ಇದೇ ಪರೀಕ್ಷೆ ಮಾಡಿ. ಆ ನಡುವೆ ಡಬಲ್ ಸೀಟ್ ಹೊತ್ತು ಒಂದು ಏರನ್ನೂ ಹತ್ತಿಸಿ. ನಸುಕಿನಲ್ಲಿ ಎರಡು ಹಾಲಿನ ಕ್ಯಾನು ಕಟ್ಟಿಕೊಂಡು ಹಳ್ಳಿಯಿಂದ ಪೇಟೆಗೆ ಬರುವವರು, ಬ್ಯಾಡಗಿಯ ಮಾರುಕಟ್ಟೆಗೆ ಮೆಣಸಿನಕಾಯಿ ಚೀಲ ಹೇರುವವರು ವಿಶೇಷ ಎಚ್ಚರ ವಹಿಸಿ. ಬೈಕ್ ನಿಂತರೆ ನಿಮ್ಮ ಅಂದಿನ ದುಡಿಮೆಯೇ ನಿಲ್ಲುತ್ತದೆ. ನಿಮ್ಮ ಬೈಕಿಗೆ ಅಡಿಟಿವ್ ಬೇಡವೆಂದೇ ನಾನು ಹೇಳುತ್ತೇನೆ. ಆ ಹಣಕ್ಕೆ ಕೈಪಿಡಿ ಹೇಳಿದ ದರ್ಜೆಯ ಆಯಿಲನ್ನು ಅವಧಿಗೆ ಮೊದಲೇ ಬದಲಿಸಿ. ಧೂಳು, ಭಾರ ಎರಡೂ ಇರುವ ಕೆಲಸಕ್ಕೆ ನಾನು 3000 ಕಿ.ಮೀ. ದಾಟಲು ಬಿಡುವುದಿಲ್ಲ.

ಸಾವಿರ ಕಿಲೋಮೀಟರ್ ಆದ ಮೇಲೆ ಮೊದಲಿನಂತೆಯೇ ಮೂರು ಟ್ಯಾಂಕಿನ ಸರಾಸರಿ ತೆಗೆದು ಹಳೆಯ ಲೆಕ್ಕದೊಂದಿಗೆ ಹೋಲಿಸಿ. ಒಂದೆರಡು ಕಿಲೋಮೀಟರಿನ ವ್ಯತ್ಯಾಸ ಗಾಳಿ, ದಟ್ಟಣೆ, ಎಕ್ಸಲರೇಟರ್ ಹಿಡಿಯುವ ಕೈಯಿಂದಲೂ ಬರುತ್ತದೆ. ಬದಲಾವಣೆ ಕಾಣದಿದ್ದರೆ ಮುಂದಿನ ಸಲ ಬಾಟಲಿ ಕೊಳ್ಳುವ ಅಗತ್ಯವಿಲ್ಲ.

ಕ್ಲಚ್ ಜಾರಿದರೆ

ಅದೇ ಕ್ಷಣ ಭಾರ ಇಳಿಸಿ, ವೇಗ ತಗ್ಗಿಸಿ ಮನೆ ಸೇರಿ. ಜಾರುವ ಪ್ಲೇಟು ಕಾದು ಸುಟ್ಟರೆ ಉಳಿಯುವುದಿಲ್ಲ. ಮೊದಲು ಕೇಬಲ್ ಸಡಿಲ ನೋಡಿ. ಕೇಬಲ್ ತೀರಾ ಬಿಗಿಯಾಗಿದ್ದರೂ ಕ್ಲಚ್ ಜಾರುತ್ತದೆ. ಅದು ಸರಿಯಿದ್ದರೆ ಆಯಿಲ್ ಪೂರ್ತಿ ಇಳಿಸಿ, ಕೈಪಿಡಿ ಹೇಳಿದ ಎಂಎ ಅಥವಾ ಎಂಎ2 ಆಯಿಲ್ ಹಾಕಿ, ಇನ್ನೂರು ಕಿಲೋಮೀಟರ್ ಹಗುರವಾಗಿ ಓಡಿಸಿ, ಅದನ್ನೂ ಇಳಿಸಿ ಮತ್ತೆ ಹೊಸದು ಹಾಕಿ. ಎಷ್ಟೋ ಸಲ ಇಷ್ಟಕ್ಕೇ ಹಿಡಿತ ಮರಳುತ್ತದೆ. ಮರಳದಿದ್ದರೆ ಕವರ್ ಬಿಚ್ಚಿಸಲೇಬೇಕು. ಪ್ಲೇಟಿನ ಮೇಲಿನ ಕಾರ್ಕ್ ಅಥವಾ ಕಾಗದ ಮೂಲದ ಪದರ ಎಣ್ಣೆಯನ್ನು ಹೀರಿಕೊಂಡಿರುವುದರಿಂದ ಒರೆಸಿದರೆ ಹೋಗುವುದಿಲ್ಲ. ಹೊಸ ಪ್ಲೇಟುಗಳನ್ನು ಜೋಡಿಸುವ ಮೊದಲು ಹೊಸ ಆಯಿಲಿನಲ್ಲಿ ನೆನೆಸಿಡಲು ಹೇಳಿ, ಒಣ ಪ್ಲೇಟು ಹಾಕಿದರೆ ಮೊದಲ ದಿನವೇ ಕರಕಲಾಗುತ್ತದೆ. ತಿರುಗುವ ಬಟ್ಟಲು ಫಿಲ್ಟರನ್ನೂ ಆಗಲೇ ಕೆರೆಸಿಬಿಡಿ, ಕವರ್ ಹೇಗೂ ಬಿಚ್ಚಿರುತ್ತದೆ.

ಇಳಿಸಿದ ಹಳೆ ಆಯಿಲನ್ನು ಚರಂಡಿಗೆ, ಹೊಲದ ಬದುವಿಗೆ ಸುರಿಯಬೇಡಿ. ಖಾಲಿ ಡಬ್ಬಿಗೆ ತುಂಬಿ, ಮುಚ್ಚಳ ಬಿಗಿದು ಗ್ಯಾರೇಜಿಗೆ ಕೊಡಿ. ಅಲ್ಲಿ ಪೀಪಾಯಿಯಲ್ಲಿ ಕೂಡಿಡುತ್ತಾರೆ, ಹಳೆ ಆಯಿಲ್ ಕೊಳ್ಳುವವರು ಬಂದು ಒಯ್ಯುತ್ತಾರೆ. ಕೈಗೆ ಹತ್ತಿದ್ದನ್ನು ಪೆಟ್ರೋಲಿನಿಂದ ತೊಳೆಯದೆ, ಕಟ್ಟಿಗೆಯ ಹೊಟ್ಟಿನಿಂದ ಉಜ್ಜಿ ಸಾಬೂನು ಹಚ್ಚಿ ತೊಳೆಯಿರಿ. ಆಯಿಲ್ ಬದಲಿಸಿದ ದಿನಾಂಕ, ಕಿಲೋಮೀಟರ್, ಹಾಕಿದ ಆಯಿಲ್ ಮತ್ತು ಅಡಿಟಿವ್‌ನ ಅಳತೆಯನ್ನು ಒಂದು ಚೀಟಿಯಲ್ಲಿ ಬರೆದು ಸೀಟಿನ ಕೆಳಗೆ ಪ್ಲಾಸ್ಟಿಕ್ ಚೀಲದಲ್ಲಿಡಿ. ಮುಂದೆ ಎಂಜಿನ್ ಬಿಚ್ಚುವ ಮಿಸ್ತ್ರಿಗೆ ಆ ಚೀಟಿ ಬೇಕಾಗುತ್ತದೆ.